ಹನ್ನೆರಡನೆಯ ಮುಚ್ಚಳ

ಮೂವತ್ತಾಳು ಎತ್ತರದ ರಾಕೆಟ್ಟೊಂದನ್ನು ನಾನು ಹನ್ನೊಂದು ದಿನ ಒಂದೇ ಹೆಬ್ಬೆರಳಿನಿಂದ, ಅದೂ ಎಡಗೈಯ ಹೆಬ್ಬೆರಳಿನಿಂದ, ನೆಲಕ್ಕೆ ಒತ್ತಿ ಹಿಡಿದಿದ್ದೆ. ಅಷ್ಟೂ ದಿನ ಬಲಗೈಯಲ್ಲಿ ಚಹಾ ಕುಡಿಯುತ್ತಿದ್ದೆ. ಒಂದು ಹನಿ ಚೆಲ್ಲಲಿಲ್ಲ. ನಂಬದವರು ನಮ್ಮ ಮಾವನವರನ್ನು ಕೇಳಬಹುದು, ಹನಿ ಚೆಲ್ಲದ್ದಕ್ಕೆ ಅವರೇ ಸಾಕ್ಷಿ. ಕಾರ್ಖಾನೆಯಲ್ಲಿ ನನ್ನನ್ನು ಬುರುಡೆ ಎಂದು ಕರೆಯುತ್ತಾರೆ, ನಿಜ. ಅದು ಹೊಟ್ಟೆಕಿಚ್ಚಿನವರು ಇಟ್ಟ ಹೆಸರು ಎಂದು ಹೊಸಬರಿಗೆಲ್ಲ ಮೊದಲ ದಿನವೇ ತಿಳಿಸಿಬಿಡುತ್ತೇನೆ. ರಾಕೆಟ್ಟಿನ ಬುಡದಲ್ಲಿ, ಎಂಜಿನ್ನಿನ ಕೊಳವೆಗಳು ಕರುಳಿನ ಹಾಗೆ ಸುತ್ತಿಕೊಂಡಿರುವ ಕಡೆ, ಮೈಯನ್ನು ಮೂರು ಮಡಿಕೆ ಮಾಡಿ ತೂರಬಲ್ಲವನು ಈ ಭೂಮಂಡಲದಲ್ಲಿ ನಾನೊಬ್ಬನೇ. ಇನ್ನೊಬ್ಬನಿದ್ದ, ಅವನಿಗೆ ಹೊಟ್ಟೆ ಬಂತು.

ಆ ಹನ್ನೊಂದನೆಯ ದಿನ ಭಾನುವಾರ. ಬೆಳಗಿನ ಬಿಸಿಲು ಊಟದ ಮೇಜಿನ ಅರ್ಧದವರೆಗೆ ಬಂದು ಅಲ್ಲೇ ನಿಂತಿತ್ತು. ಮೇಜು ನಮ್ಮ ಮದುವೆಯ ವರ್ಷ ಕೊಂಡದ್ದು, ನಾಲ್ಕು ಕಾಲಿನಲ್ಲಿ ಒಂದು ಕಾಲು ಗಿಡ್ಡ. ಹದಿನಾಲ್ಕು ವರ್ಷ ಅದು ಅಲ್ಲಾಡಿತು. ಮಡಿಸಿದ ಕಾಗದ ಇಟ್ಟೆವು, ರಟ್ಟು ಇಟ್ಟೆವು, ಮಾವ ತಮ್ಮ ಹಳೆಯ ಚಪ್ಪಲಿಯ ಅಟ್ಟೆ ಕತ್ತರಿಸಿ ಇಟ್ಟರು. ಒಂದು ವಾರದಲ್ಲಿ ಮತ್ತೆ ಕುಣಿತ. ಈಗ ಹತ್ತು ದಿನದಿಂದ ಕಲ್ಲಿನ ಹಾಗೆ ನಿಂತಿತ್ತು. ನಾನು ಎರಡೂ ಮೊಣಕೈ ಊರಿ ಕೂತಿದ್ದೆ, ಲೋಟದಲ್ಲಿನ ಚಹಾದ ಮೇಲ್ಮೈ ಕನ್ನಡಿಯಂತೆ ಇತ್ತು, ಅದರಲ್ಲಿ ಕಿಟಕಿಯ ಒಂದು ಚೂರು. ನನ್ನೊಳಗೆ ಏನೂ ಆಗುತ್ತಿರಲಿಲ್ಲ. ಕಾಲು ಮಡಿಸಿ ಬಹಳ ಹೊತ್ತು ಕೂತವನಿಗೆ ಕಾಲು ತನ್ನದಲ್ಲ ಅನ್ನಿಸುತ್ತದಲ್ಲ, ಹಾಗೆ ಇಡೀ ಮೈ. ಜೋಮು ಬಿಡುವಾಗ ಚುಚ್ಚುತ್ತದೆ. ಹಿಡಿದಿರುವಾಗ ಏನೂ ಇಲ್ಲ, ಮುಟ್ಟಿದರೆ ಬೇರೆ ಯಾರನ್ನೋ ಮುಟ್ಟಿದ ಹಾಗೆ.

"ಆರನೇ ಸಲ," ಎಂದರು ಮಾವ, ಪತ್ರಿಕೆಯ ಹಿಂದಿನಿಂದ. "ಆರನೇ ಸಲ ಮುಂದಕ್ಕೆ ಹೋಯ್ತಂತೆ ನಿಮ್ಮ ರಾಕೆಟ್ಟು. ಗುರುವಾರ ಹೊರಡುತ್ತಂತೆ. ಇಷ್ಟು ದಿನ ತಾಂತ್ರಿಕ ಕಾರಣವಂತೆ."

"ಕಾರಣ ನಾನೇ, ಮಾವ."

"ಗೊತ್ತಲ್ಲ. ಮನೆಗೆ ಬಂದೋರಿಗೆಲ್ಲ ಹೇಳಿದ್ದೀನಿ." ಪತ್ರಿಕೆ ಕೆಳಗಿಳಿಯಿತು. "ಆದ್ರೂ ಅಳಿಯಂದಿರೇ, ನಮ್ಮ ಡಿಪೋದಲ್ಲಿ ಬಸ್ಸು ಆರು ನಿಮಿಷ ತಡ ಆದ್ರೆ ಡ್ರೈವರ್ ನನ್ನ ಮುಖ ನೋಡೋಕೆ ಹೆದರ್ತಿದ್ದ. ನೀವು ಆರು ತಿಂಗಳು ತಡ ಮಾಡಿ ಪೇಪರ್‌ನಲ್ಲಿ ಫೋಟೋ ಹಾಕಿಸ್ಕೊಂಡಿದ್ದೀರಿ."

"ಬಸ್ಸು ಕೆಟ್ರೆ ಇಳಿದು ತಳ್ಳಬಹುದು."

"ಅದೂ ನಿಜವೇ," ಎಂದು ಅವರು ಮತ್ತೆ ಪತ್ರಿಕೆಯ ಹಿಂದೆ ಹೋದರು.

ಮೂವತ್ತೊಂದು ವರ್ಷ ಬಸ್ ಡಿಪೋದ ಗೇಟಿನಲ್ಲಿ ಹೊರಡುವ ಹೊತ್ತು ಬರೆದವರು ಅವರು. ತಡವೆಂದರೆ ಅವರಿಗೆ ಮೈ ಉರಿ. ಅವರಿಗೆ ಸಮಾಧಾನವಾಗಲಿ ಎಂದೇ ಪ್ರತಿ ಸಲವೂ ರಾಕೆಟ್ಟು ನಿಂತದ್ದಕ್ಕೆ ನಾನು ಒಂದು ಕಾರಣ ಹೊಂದಿಸಿ ತರುತ್ತಿದ್ದೆ, ಆ ಕಾರಣದ ನಡುಮಧ್ಯೆ ನಾನು ಇರುತ್ತಿದ್ದೆ. ಮೊದಲನೆಯ ಸಲ ಗಾಳಿ. ಗಾಳಿ ಬರುವ ಎರಡು ದಿನ ಮುಂಚೆಯೇ ನನ್ನ ಮಂಡಿ ಹೇಳಿತ್ತು. ಎರಡನೆಯ ಸಲ ಒಂದು ಕವಾಟ ಸೋರಿತು, ಮೂರನೆಯ ಸಲ ಆ ಕವಾಟ ಸೋರುತ್ತಿಲ್ಲ, ಸೋರುತ್ತಿದೆ ಎಂದು ಹೇಳಿದ ಉಪಕರಣವೇ ಕೆಟ್ಟಿದೆ ಎಂದು ಗೊತ್ತಾಯಿತು. ಎರಡನ್ನೂ ಹಿಡಿದವನು ನಾನು. ನಾಲ್ಕರಲ್ಲಿ ಸಮುದ್ರದ ಮೇಲೆ ಯಾರದೋ ಹಡಗು ಅಡ್ಡ ಬಂತು. ಅದನ್ನು ನಾನು ಹಿಡಿದೆ ಎಂದು ಹೇಳಲು ನನಗೂ ಸ್ವಲ್ಪ ಸಂಕೋಚವಾಗಿ ಕಂಡೆ ಎಂದಷ್ಟೇ ಹೇಳಿದೆ. ಐದರಲ್ಲಿ ಉಪಗ್ರಹ ಕಳಿಸಬೇಕಾದವರೇ ತಡ ಮಾಡಿದರು. ಆರನೆಯದಕ್ಕೆ, ಹತ್ತು ದಿನದ ಹಿಂದಿನ ಗುರುವಾರ ಸಂಜೆ, ಇದೇ ಮೇಜಿನ ಮುಂದೆ ಕೂತು ಹೇಳಿದ್ದೆ: ಎಂಜಿನ್ನಿನ ಒಳಗೆ ತೂರಿದ್ದೆ ಮಾವ, ಎಲ್ಲರೂ ಸರಿ ಇದೆ ಅಂದಿದ್ರು, ಬಾಗಿಲು ಮುಚ್ಚೋದು ಒಂದೇ ಬಾಕಿ, ಇರುವೆ ಸೀನಿದಷ್ಟು ಸದ್ದು ಕೇಳಿಸ್ತು, ನಿಲ್ಲಿಸಿ ಅಂದೆ, ನಿಂತುಹೋಯ್ತು. ಮಾವ ತಟ್ಟೆ ಪಕ್ಕಕ್ಕೆ ಸರಿಸಿದ್ದರು. ಹೆಂಡತಿ ನಕ್ಕಿದ್ದಳು, "ಇರುವೆ ಸೀನುತ್ತಾ?" ಎಂದಿದ್ದಳು, ಆದರೂ ಅವಳ ಕಣ್ಣಲ್ಲಿ ಇದ್ದದ್ದು ಬರೀ ನಗೆಯಲ್ಲ. ಮರುದಿನ ಅವಳು ತನ್ನ ಲ್ಯಾಬಿನಲ್ಲಿ, ಕಟ್ಟುಹಲ್ಲು ಮಾಡುವ ಆ ಮೂರು ಹೆಂಗಸರ ಲ್ಯಾಬಿನಲ್ಲಿ, ಅದನ್ನು ಹೇಳಿದಳಂತೆ. ಇರುವೆಯನ್ನು ಬಿಟ್ಟು ಹೇಳಿದಳಂತೆ.

ಆ ಸಂಜೆಗೆ ನಾಲ್ಕು ಗಂಟೆ ಮುಂಚೆ ನಾನು ಸ್ಟೋರಿನ ಕಿಟಕಿಯ ಮುಂದೆ ನಿಂತಿದ್ದೆ. ಕಿಟಕಿಯ ಆಚೆ ಎಣಿಕೆಯಮ್ಮ. ಅವರಿಗೂ ಹೆತ್ತವರು ಇಟ್ಟ ಹೆಸರು ಇದ್ದೀತು, ನಮಗೆ ಯಾರಿಗೂ ಗೊತ್ತಿಲ್ಲ. ನಮ್ಮಲ್ಲಿ ಒಂದು ಕಟ್ಟಳೆ: ಎಂಜಿನ್ನಿನ ಕೆಲಸಕ್ಕೆ ಹೋಗುವವನು ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಅವರ ಕೈಗೆ ಕೊಡಬೇಕು, ಅವರು ಅದನ್ನು ಕೊಕ್ಕೆಗೆ ತಗುಲಿಸಿ ಹನ್ನೆರಡು ಕೆಂಪು ಮುಚ್ಚಳ ಎಣಿಸಿ ಕೊಡುತ್ತಾರೆ, ಒಂದೊಂದೂ ಔಷಧದ ಶೀಸೆಯ ಮುಚ್ಚಳದಷ್ಟು, ಒಂದೊಂದರ ಮೇಲೂ ಕೊರೆದ ಅಂಕಿ. ಕೊಳವೆ ಬಿಚ್ಚಿಟ್ಟಾಗ ಅದರ ಬಾಯಿಗೆ ಧೂಳು ಹೋಗದ ಹಾಗೆ ಅವನ್ನು ಹಾಕುತ್ತೇವೆ, ಕೆಲಸ ಮುಗಿದಾಗ ತೆಗೆದು ಮರಳಿಸುತ್ತೇವೆ. ಅವರು ಗಟ್ಟಿಯಾಗಿ ಅಂಕಿ ಹೇಳಬೇಕು, ನಾವು ಅದೇ ಅಂಕಿಯನ್ನು ತಿರುಗಿ ಹೇಳಬೇಕು, ಆಮೇಲೆ ಬಿಲ್ಲೆ ಕೈಗೆ. "ಬಿಲ್ಲೆ ಕೊಕ್ಕೆ ಮೇಲಿದ್ರೆ ನೀನು ಇನ್ನೂ ಒಳಗೇ ಇದ್ದೀಯ ಅಂತ ಲೆಕ್ಕ," ಎನ್ನುತ್ತಿದ್ದರು ಎಣಿಕೆಯಮ್ಮ. "ನಿನ್ನನ್ನು ಒಳಗಿಟ್ಕೊಂಡು ಬೆಂಕಿ ಹಚ್ಚೋಕಾಗುತ್ತಾ?" ಒಂದು ಮುಚ್ಚಳ ಒಳಗೆ ಉಳಿದರೆ ಏನಾಗುತ್ತದೆಂದು ಕೆಲಸಕ್ಕೆ ಸೇರಿದ ದಿನವೇ ಒಂದು ಚಿತ್ರ ತೋರಿಸುತ್ತಾರೆ. ಚಿತ್ರದಲ್ಲಿ ಹೊಗೆ ಬಿಟ್ಟರೆ ಮತ್ತೇನೂ ಇಲ್ಲ.

"ಹನ್ನೊಂದು," ಎಂದರು.

"ಹನ್ನೆರಡು."

ಅವರು ತಟ್ಟೆಯಲ್ಲಿದ್ದ ಮುಚ್ಚಳಗಳನ್ನು ಮೂರು ಮೂರರ ಸಾಲು ಮಾಡಿದರು. ಕೊನೆಯ ಸಾಲಿನಲ್ಲಿ ಎರಡೇ. "ಹನ್ನೊಂದಪ್ಪ. ಹನ್ನೆರಡನೇ ನಂಬರಿಂದು ಇಲ್ಲ."

ನನ್ನ ಹಿಂದೆ ನಾಲ್ಕು ಜನ ನಿಂತಿದ್ದರು. ವೆಲ್ಡರ್ ಹೇಳಿದ, "ಬಿಡಿ ಅಮ್ಮ, ಒಂದು ಸೇರಿಸಿ ಹೇಳೋದು ಬುರುಡೆಗೆ ಅಭ್ಯಾಸ." ಮೂವರು ನಕ್ಕರು. ನಾಲ್ಕನೆಯವನು ನಗಲಿಲ್ಲ, ಅವನು ನನ್ನನ್ನು ನೋಡಿ ಪಾಪ ಎನ್ನುವ ಹಾಗೆ ಮುಖ ಮಾಡಿದ. ಆ ನಾಲ್ಕನೆಯವನ ಮುಖವೇ ನನ್ನ ಬಾಯಿಂದ ಆ ಮಾತು ಹೊರಡಿಸಿತು ಎಂದು ಈಗ ಅನ್ನಿಸುತ್ತದೆ. ಹನ್ನೆರಡನ್ನೂ ನನ್ನ ಕೈಯಾರೆ ನಿಮ್ಮ ತಟ್ಟೆಗೆ ಹಾಕಿದ್ದೇನೆ, ಇಪ್ಪತ್ತು ವರ್ಷದಲ್ಲಿ ನನ್ನ ಕೈ ತಪ್ಪಿಲ್ಲ, ನಿಮ್ಮ ಕಪಾಟಿನ ಕೆಳಗೆ ಹುಡುಕಿಕೊಳ್ಳಿ ಎಂದೆ. ಇಪ್ಪತ್ತಲ್ಲ, ನಾನು ಸೇರಿ ಒಂಬತ್ತು ವರ್ಷ. ಆದರೆ ಹನ್ನೆರಡು ಹಾಕಿದ್ದೇನೆ ಎಂದು ಆ ಗಳಿಗೆಯಲ್ಲಿ ನಿಜವಾಗಿಯೂ ನಂಬಿದ್ದೆ. ಎಣಿಕೆಯಮ್ಮ ನನ್ನನ್ನೇ ನೋಡಿದರು. ಬಿಲ್ಲೆ ಕೊಕ್ಕೆಯಿಂದ ತೆಗೆಯಲಿಲ್ಲ. ಫೋನೆತ್ತಿ, "ಬಾಗಿಲು ಮುಚ್ಚಬೇಡಿ," ಎಂದರು. ಅಷ್ಟಕ್ಕೇ ಹಾರಾಟ ನಿಂತಿತು.

ಮರುದಿನ ಬೆಳಿಗ್ಗೆ ಹೆಂಡತಿ ಬಟ್ಟೆ ಒಗೆಯುವ ಕಡೆಯಿಂದ ಬಂದಳು. ನಮ್ಮ ಕೆಲಸದ ಅಂಗಿಗೆ ಜೇಬೇ ಇಲ್ಲ, ಏನೂ ಹೊರಗೆ ಹೋಗಬಾರದೆಂದೇ ಹಾಗೆ ಹೊಲಿಸಿದ್ದಾರೆ. ಒಳಗೆ ಹಾಕಿಕೊಳ್ಳುವ ಹತ್ತಿಯ ಕೈಗವಸು ಮಾತ್ರ ನಮ್ಮದು, ಮನೆಯಲ್ಲೇ ಒಗೆಯಬೇಕು. ಕೊನೆಯ ಮುಚ್ಚಳವನ್ನು ಎಡಗೈ ಹೆಬ್ಬೆರಳಿಗೆ ಟೋಪಿಯ ಹಾಗೆ ಹಾಕಿಕೊಳ್ಳುವುದು ನನ್ನ ಚಾಳಿ. ಮೈ ಮಡಿಸಿ ಹೊರಗೆ ತೆವಳುವಾಗ ಎರಡೂ ಕೈ ಬೇಕಲ್ಲ. ಆ ಗುರುವಾರ ಮೂರು ಗಂಟೆ ಹೊತ್ತು ಸ್ಪ್ಯಾನರನ್ನು ಒತ್ತಿ ಒತ್ತಿ ಆ ಬೆರಳಿಗೆ ಜೋಮು ಹಿಡಿದಿತ್ತು. ಗವಸನ್ನು ಒಳಹೊರಗು ಮಾಡಿ ಕಿತ್ತೆಸೆದಾಗ ಬೆರಳಿಗೆ ಏನೂ ತಿಳಿಯಲಿಲ್ಲ. ಗವಸು ಮುಚ್ಚಳ ಸಮೇತ ಉಂಡೆಯಾಗಿ ಊಟದ ಚೀಲದಲ್ಲಿ ಮನೆಗೆ ಬಂತು.

"ರೀ, ಗ್ಲೌಸಲ್ಲಿತ್ತು. ಇದು ಬೇಕಾ ನಿಮಗೆ?" ಒದ್ದೆ ಬೆರಳುಗಳ ನಡುವೆ ಕೆಂಪಗೆ ಹಿಡಿದಿದ್ದಳು.

ಮಾವ ಎದುರಿಗೆ ಕೂತಿದ್ದರು. ಇರುವೆಯ ಸೀನು ಇನ್ನೂ ಆ ಕೋಣೆಯಲ್ಲಿ ಇತ್ತು. ಒಂದು ಗಳಿಗೆ ನಾನು ಆ ಮುಚ್ಚಳವನ್ನು ಬಹಳ ಚೆನ್ನಾಗಿ ನೋಡಿದೆ, ಅಂಚಿನಲ್ಲಿ ಸೋಪಿನ ಗುಳ್ಳೆ ಒಂದು ಹಿಗ್ಗಿ ಒಡೆಯಿತು. ಬೇಡ ಎಂದೆ. ಅವಳು ಅದನ್ನು ತಿರುಗಿಸಿ ನೋಡಿದಳು. ಕೂದಲೆಳೆಯಷ್ಟು ಎತ್ತರ ತಗ್ಗನ್ನು ಕಣ್ಣಲ್ಲೇ ಅಳೆಯುವ ಕೆಲಸ ಅವಳದು. ಬಗ್ಗಿ ಮೇಜಿನ ಗಿಡ್ಡ ಕಾಲಿನಡಿ ಸೇರಿಸಿದಳು. "ಅಳತೆ ಕೊಟ್ಟು ಮಾಡಿಸಿದ ಹಾಗಿದೆ," ಎಂದಳು.

ಆಮೇಲೆ ಒಂಬತ್ತು ದಿನ. ರಾಕೆಟ್ಟನ್ನು ಮಲಗಿಸಿ ಶೆಡ್ಡಿಗೆ ತಂದರು. ಹದಿನಾರು ಜನ, ತುದಿಯಲ್ಲಿ ಕಣ್ಣಿರುವ ತೆಳ್ಳನೆಯ ನಳಿಕೆಗಳನ್ನು ಒಳಗೆ ಬಿಟ್ಟು ಪರದೆ ನೋಡುತ್ತ ಕೂತರು. ನಾನೂ ಕೂತೆ. ಎಲ್ಲರಿಗಿಂತ ಹೆಚ್ಚು ಹುಡುಕಿದವನು ನಾನು. ಮೂರು ಮಡಿಕೆಯಾಗಿ ಒಳಗೆ ತೂರಿ, ಕೊಳವೆಗಳ ಸಂದಿನಲ್ಲಿ ಕೆನ್ನೆ ಒತ್ತಿ, ಇಲ್ಲದ್ದನ್ನು ಇಲ್ಲ ಎಂದು ಖಚಿತ ಮಾಡಿಕೊಂಡು ಬಂದೆ. ಒಳಗೆ ತಣ್ಣಗಿತ್ತು. ಹೊರಗಿನ ಮಾತು ನೀರಿನಡಿಯಿಂದ ಕೇಳಿದ ಹಾಗೆ ಕೇಳುತ್ತಿತ್ತು. ಅಲ್ಲೇ ನಿದ್ದೆ ಬಂದರೆ ಚೆನ್ನಾಗಿತ್ತು ಅನ್ನಿಸಿತು. ಉಪಗ್ರಹ ತಂದಿದ್ದ ಇಬ್ಬರು, ಬ್ರೆಡ್ಡಿನ ತುಂಡಿನಷ್ಟು ಅವರ ಉಪಗ್ರಹ, ದಿನವೂ ಗಾಜಿನ ಆಚೆ ಬಂದು ನಿಲ್ಲುತ್ತಿದ್ದರು. ಏನಾದ್ರೂ ಸಿಕ್ತಾ ಸರ್ ಎಂದು ಕೈಸನ್ನೆಯಲ್ಲಿ ಕೇಳುತ್ತಿದ್ದರು. ನಾನು ಎಡಗೈ ಹೆಬ್ಬೆರಳೆತ್ತಿ ತೋರಿಸುತ್ತಿದ್ದೆ, ಎಲ್ಲ ಸರಿಹೋಗುತ್ತದೆ ಎಂಬಂತೆ.

ಒಂಬತ್ತನೆಯ ದಿನ ಎಲ್ಲರನ್ನೂ ಸಭೆಗೆ ಕರೆದರು. ಗೋಡೆಯ ಮೇಲೆ ಯಾವಾಗಲೂ ಇರುವ ಹಲಗೆ: ನಮ್ಮ ರಾಕೆಟ್ಟಿನ ವಿಶ್ವಾಸಾರ್ಹತೆ ನೂರಕ್ಕೆ ತೊಂಬತ್ತೇಳು. ಹಿಂದೊಮ್ಮೆ ಯಾರೋ ಉಳಿದ ಮೂರು ಎಲ್ಲಿ ಹೋಯಿತು ಎಂದು ಕೇಳಿದಾಗ ಮುಖ್ಯ ಎಂಜಿನಿಯರ್, "ಅದು ನಾವೇ," ಎಂದಿದ್ದರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಈ ಸಲ ಅವರು ಮೆಲ್ಲಗೆ ಮಾತಾಡಿದರು. ಒಳಗೆ ಎಲ್ಲ ಕಡೆ ನೋಡಿ ಆಯಿತು, ಮುಚ್ಚಳ ಇಲ್ಲ. ಆದ್ದರಿಂದ ಅದು ತಟ್ಟೆಗೂ ಕಪಾಟಿಗೂ ನಡುವೆ ಎಲ್ಲೋ ಕಳೆದಿದೆ. ಎಣಿಕೆಯಲ್ಲಿ ತಪ್ಪಾಗಿದೆ ಎಂದು ಸ್ಟೋರಿನವರು ಒಂದು ಸಾಲು ಬರೆದು ಸಹಿ ಹಾಕಿದರೆ ಗುರುವಾರ ಹಾರಿಸಬಹುದು.

ಎಣಿಕೆಯಮ್ಮ ಎದ್ದು ನಿಂತರು. ಕಿಟಕಿಯಿಲ್ಲದೆ ಅವರನ್ನು ನೋಡಿದ್ದು ಅದೇ ಮೊದಲು, ಎಷ್ಟು ಕುಳ್ಳಗಿದ್ದಾರೆ ಅನ್ನಿಸಿತು. "ನನ್ನ ಹತ್ರ ಬಂದಿದ್ದು ಹನ್ನೊಂದು," ಎಂದರು. "ನೀವು ಎಲ್ಲ ಕಡೆ ನೋಡಿದ್ದೀರಿ ಸರ್. ನಳಿಕೆ ಹೋಗೋ ಕಡೆ ಎಲ್ಲ ನೋಡಿದ್ದೀರಿ. ಹೋಗದ ಕಡೆ ನೋಡಿಲ್ಲ. ಸಹಿ ಹಾಕಲ್ಲ."

"ನಿಮಗೆ ನಿವೃತ್ತಿಗೆ ಎರಡೇ ವರ್ಷ ಇದೆ ಅಲ್ವಾ?" ಎಂದರು ಮುಖ್ಯ ಎಂಜಿನಿಯರ್, ಇನ್ನೂ ಮೆಲ್ಲಗೆ.

"ಒಂದು ವರ್ಷ, ಹತ್ತು ತಿಂಗಳು, ನಾಲ್ಕು ದಿನ," ಎಂದರು ಎಣಿಕೆಯಮ್ಮ. ಯಾರೋ ನಕ್ಕರು.

ನಾನು ಮೂರನೆಯ ಸಾಲಿನಲ್ಲಿದ್ದೆ, ಮುಂದಿನ ಕುರ್ಚಿಯ ಬೆನ್ನಿಗೆ ಅಂಟಿದ್ದ ಹಳೆಯ ಚೀಟಿಯನ್ನು ಉಗುರಿನಿಂದ ಕೆರೆಯುತ್ತ. ಗುರುವಾರ ರಾಕೆಟ್ಟು ಹಾರಿದರೆ ಅದರೊಳಗೆ ಮುಚ್ಚಳವಿಲ್ಲ ಎಂದು ಎದೆ ತಟ್ಟಿ ಹೇಳಬಲ್ಲವನು ಜಗತ್ತಿನಲ್ಲಿ ನಾನೊಬ್ಬನೇ ಎಂದು ಲೆಕ್ಕ ಹಾಕಿದೆ. ಹಾಗಾದರೆ ಯಾರಿಗೂ ನಷ್ಟವಿಲ್ಲ. ಅದು ನೆಟ್ಟಗೆ ಹಾರಿದಷ್ಟೂ ಎಣಿಕೆಯಮ್ಮ ತಪ್ಪು ಎಂದು ಗಟ್ಟಿಯಾಗುತ್ತದೆ ಎಂಬುದೂ ಅದೇ ಲೆಕ್ಕದಲ್ಲಿ ಬಂತು. ಚೀಟಿ ಪೂರ್ತಿ ಬಿಡಲಿಲ್ಲ, ಅರ್ಧ ಹರಿದು ಉಗುರಿನಡಿ ಸಿಕ್ಕಿಕೊಂಡಿತು.

ಭಾನುವಾರ ಮಧ್ಯಾಹ್ನ ಮೂರಕ್ಕೆ ಕರೆಗಂಟೆ ಆಯಿತು. ಮಾವ ಬಾಗಿಲು ತೆಗೆದರು. ಎಣಿಕೆಯಮ್ಮ ಚಪ್ಪಲಿ ಬಿಟ್ಟು, ನಮ್ಮ ಮನೆಯವರ ಚಪ್ಪಲಿಗಳು ಅಡ್ಡಾದಿಡ್ಡಿ ಬಿದ್ದದ್ದನ್ನು ಕಂಡು ಬಗ್ಗಿ ಜೋಡಿ ಮಾಡಿ ಸಾಲಾಗಿಟ್ಟು ಒಳಗೆ ಬಂದರು. ಅಳಿಯನ ಆಫೀಸಿನವರು ಎಂದು ತಿಳಿದು ಮಾವನಿಗೆ ಹಿಗ್ಗೋ ಹಿಗ್ಗು. ಹೆಂಡತಿ ಚಹಾ ತಂದಳು. ನಾನು ಯಾವ ಕುರ್ಚಿಯಲ್ಲಿ ಕೂತರೆ ಆ ಕಾಲು ಮರೆಯಾಗುತ್ತದೋ ಅದರಲ್ಲಿ ಕೂತೆ.

"ನಾಳೆಯಿಂದ ಬರಬೇಡಿ ಅಂದಿದ್ದಾರಪ್ಪ," ಎಂದರು ಎಣಿಕೆಯಮ್ಮ. "ಅದನ್ನ ಹೇಳೋಕೆ ಬಂದಿಲ್ಲ. ಹೊಸಬರು ಬರ್ತಾರೆ, ಸಹಿ ಹಾಕ್ತಾರೆ, ಗುರುವಾರ ಹಾರಿಸ್ತಾರೆ. ಅದು ಒಳಗಿದ್ರೆ ಏನಾಗುತ್ತೆ ಅಂತ ನಿನಗೂ ಗೊತ್ತು. ಉಡಾವಣೆ ಕಂಬದ ಹತ್ರವೇ ರಾಕೆಟ್ಟು ಬಿದ್ರೆ ನಮ್ಮವರೇ ಇರ್ತಾರೆ ಅಲ್ಲಿ. ನನ್ನ ಮಾತು ಕೇಳಲ್ಲ. ನೀನು ಹೇಳಿದ್ರೆ ಕೇಳ್ತಾರೆ. ಒಳಗೆ ಬಿಟ್ಟಿದ್ದೀನಿ ಅನ್ನಬೇಡ. ಬಿಟ್ಟಿರಬಹುದು ಅಂದ್ರೆ ಸಾಕು. ಇನ್ನೊಂದ್ಸಲ ಬಿಚ್ಚಿ ನೋಡ್ತಾರೆ."

ಬಿಟ್ಟಿರಬಹುದು. ಎಷ್ಟು ಚಿಕ್ಕ ಸುಳ್ಳು. ನಾನು ಆಡಿದ ಸುಳ್ಳುಗಳ ಪಕ್ಕದಲ್ಲಿ ಅದು ಕೂಸು. ಅದನ್ನು ಆಡಿದರೆ ಅವರಿಗೂ ಕೆಲಸ ಉಳಿಯುತ್ತದೆ, ರಾಕೆಟ್ಟು ಇನ್ನೊಂದು ತಿಂಗಳು ಮಲಗುತ್ತದೆ, ಗಾಜಿನಾಚೆ ಆ ಇಬ್ಬರು ನಿಂತೇ ಇರುತ್ತಾರೆ, ಮೇಜು ಅಲ್ಲಾಡುವುದಿಲ್ಲ. ಬಾಯಿ ತೆರೆದೆ. ನನಗಿಂತ ಮುಂಚೆ ಮಾವ ಮಾತಾಡಿದರು.

"ಒಳಗೆ ಬಿಡೋದಾ? ನಮ್ಮ ಅಳಿಯಂದಿರಾ?" ಅವರಿಗೆ ನಿಜವಾಗಿಯೂ ನೋವಾಗಿತ್ತು. "ತಾಯಿ, ಇರುವೆ ಸೀನಿದ್ರೆ ಕೇಳಿಸ್ಕೊಳ್ಳೋ ಮನುಷ್ಯ ಇವರು. ಇವರು ಬೇಡ ಅಂತ ಬಿಸಾಕಿದ ಸಾಮಾನೂ ಎಷ್ಟು ಅಚ್ಚುಕಟ್ಟು ನೋಡಿ. ಹದಿನಾಲ್ಕು ವರ್ಷ ಕುಣೀತಿದ್ದ ಮೇಜು ಇದು. ನಿಮ್ಮ ಲೋಟ ಅಂಚಿನ ತನಕ ತುಂಬಿದೆ, ಒಂದು ಹನಿ ಚೆಲ್ತಾ? ಅಲ್ಲಿ, ಆ ಕಾಲಡಿ ನೋಡಿ. ರಾಕೆಟ್ಟಿಂದೇ. ಕಾಲು ತೆಗೀರಿ ಅಳಿಯಂದಿರೇ, ಅವರಿಗೆ ಕಾಣಲಿ."

ನಾನು ಕಾಲು ತೆಗೆದೆ. ಯಾಕೆಂದು ಗೊತ್ತಿಲ್ಲ, ಹೇಳಿದರು, ತೆಗೆದೆ. ಎಣಿಕೆಯಮ್ಮ ಕೈಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು ನೆಲಕ್ಕೆ ಮಂಡಿಯೂರಿದರು. ಅವರ ಮಂಡಿಯ ಚಟಕ್ ಎಂಬ ಸದ್ದು ಕೇಳಿತು. ಬಹಳ ಹೊತ್ತು ಏಳಲಿಲ್ಲ. ಆಮೇಲೆ ಮೇಜಿನ ಕೆಳಗಿನಿಂದ, ಕಿಟಕಿಯ ಆಚೆಯಿಂದ ಬರುತ್ತಿದ್ದ ಅದೇ ಧ್ವನಿಯಲ್ಲಿ, ಒಂದೇ ಅಂಕಿ ಬಂತು.

"ಹನ್ನೆರಡು."

ಅಷ್ಟು ಹೇಳಿ ಕಾದರು. ಕಟ್ಟಳೆ ಪ್ರಕಾರ ಈಗ ನನ್ನ ಸರದಿ. ಹೆಂಡತಿ ನನ್ನ ಮುಖ ನೋಡುತ್ತಿದ್ದಳು. ಅವಳಿಗೆ ಆಗಲೇ ಅರ್ಥವಾಗಿಬಿಟ್ಟಿತ್ತು, ಒದ್ದೆ ಬೆರಳು, ಬೇಕಾ, ಬೇಡ, ಎಲ್ಲ. ಮಾವ ಇನ್ನೂ ನಗುತ್ತಿದ್ದರು.

"ಹನ್ನೆರಡು," ಎಂದೆ.

"ಮೇಜು ಎತ್ತು."

ಎರಡೂ ಕೈ ಹಾಕಿ ಎತ್ತಿದೆ. ಲೋಟ ಜಾರಿ ಚಹಾ ಪತ್ರಿಕೆಯ ಮೇಲೆ ಹರಿಯಿತು, ಮಾವ ಪತ್ರಿಕೆ ಎಳೆದುಕೊಂಡು, "ಏನು, ಏನಾಯ್ತು?" ಎಂದರು. ಎಡಗೈ ಹೆಬ್ಬೆರಳಿನಲ್ಲಿ ಚುಚ್ಚಲು ಶುರುವಾಯಿತು. ಗ್ಲೌಸಿನಲ್ಲಿ ಬಂದಿತ್ತು ಎಂದೆ. ಮರುದಿನ ಬೆಳಿಗ್ಗೆಯೇ ಗೊತ್ತಾಯಿತು ಎಂದೆ. ನಿಮ್ಮ ಎಣಿಕೆ ಸರಿ ಇತ್ತು ಎಂದೆ. ಎಣಿಕೆಯಮ್ಮ ಸೆರಗಿನಿಂದ ಮುಚ್ಚಳ ಒರೆಸಿ ಚೀಲಕ್ಕೆ ಹಾಕಿಕೊಂಡರು. ಅವರು ಬೈಯಲಿಲ್ಲ. ಗೋಡೆ ಹಿಡಿದು ನಿಂತರು, ಉಸಿರು ಬಿಟ್ಟು, "ಹಾಗಾದ್ರೆ ಒಳಗಿಲ್ಲ," ಎಂದರು, ಅದೊಂದನ್ನೇ ಎರಡು ಸಲ. "ನಾಳೆ ಎಂಟಕ್ಕೆ ಕಿಟಕಿ ಹತ್ರ ಬಾ. ದೊಡ್ಡವರನ್ನ ಕರೆಸ್ತೀನಿ. ಅವರ ಎದುರಿಗೆ ಹೇಳು. ಬಿಲ್ಲೆ ಅಲ್ಲೇ ಇದೆ."

ಅವರು ಹೋದ ಮೇಲೆ ಬಾಗಿಲಲ್ಲಿ ನಮ್ಮ ಚಪ್ಪಲಿಗಳು ಮೂರು ಜೋಡಿ ಸಾಲಾಗಿದ್ದವು. ಮಾವ ಒದ್ದೆ ಪತ್ರಿಕೆ ಹಿಡಿದು ನಿಂತೇ ಇದ್ದರು. "ಇರುವೆ?" ಎಂದು ಕೇಳಿದರು.

ಇರುವೆ ಇರಲಿಲ್ಲ ಮಾವ. ಮಂಡಿ ಗಾಳಿಯ ವಿಷಯ ಏನೂ ಹೇಳಿರಲಿಲ್ಲ, ಕವಾಟ ಹಿಡಿದವನು ಬೇರೆ, ಹಡಗನ್ನು ನಾನು ಪತ್ರಿಕೆಯಲ್ಲಿ ಓದಿದ್ದೆ. ಒಳಗೆ ತೂರಬಲ್ಲವರು ನಮ್ಮಲ್ಲಿ ಐದು ಜನ ಇದ್ದಾರೆ, ಹೊಟ್ಟೆ ಬರುತ್ತಿರುವುದು ನನಗೆ. ರಾಕೆಟ್ಟು ಹದಿನೆಂಟಾಳು ಎತ್ತರ ಅಷ್ಟೇ. ಅದನ್ನು ಹನ್ನೊಂದು ದಿನ ನೆಲಕ್ಕೆ ಒತ್ತಿ ಹಿಡಿದದ್ದು ಸಹಿ ಹಾಕದ ಎಣಿಕೆಯಮ್ಮನ ಕೈ. ನಾನು ಮಾಡಿದ್ದು ಒಂದೇ. ಬೇಕಾ ಎಂದು ನಿಮ್ಮ ಮಗಳು ಕೇಳಿದಾಗ ಬೇಡ ಎಂದೆ.